ಎಡಗಡೆಯ ಕೈ

“ಕೈ ಎತ್ತಿದ್ರೇನ್ರೀ?”

ತುಂಗಕ್ಕ ಹೀಗೆ ಕೇಳಿದಾಗ ನಡುಮನೆಯಲ್ಲಿ ಅವಳೆದುರು ಯಾರೂ ಇರಲಿಲ್ಲ. ವ್ಯಾಸಪೀಠದ ಮೇಲೆ ಕಾವ್ಯದ ಪುಸ್ತಕ ಮುಚ್ಚಿಕೊಂಡಿತ್ತು. ಅವಳ ಎಡಗಡೆಗೆ ಹಾಸಿದ್ದ ಚಾಪೆ ಖಾಲಿಯಾಗಿತ್ತು. ಗಂಡ ಶೇಷಗಿರಿಯ ವೈಕುಂಠ ಸಮಾರಾಧನೆ ಮುಗಿದು, ಉಂಡವರೆಲ್ಲ ಎಲೆಅಡಿಕೆ ಹಾಕಿಕೊಂಡು ಹೊರಟುಹೋಗಿ, ಹಿತ್ತಲಲ್ಲಿ ಅಡುಗೆಯವರು ಕೊಪ್ಪರಿಗೆ ಉಜ್ಜುವ ಸದ್ದೊಂದೇ ಉಳಿದಿತ್ತು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ತಮ್ಮ ನರಹರಿಗೆ ಆ ಪ್ರಶ್ನೆ ಕೇಳಿಸಿತು. ಅದು ತನ್ನನ್ನು ಕೇಳಿದ್ದಲ್ಲ ಎಂದು ಅವನಿಗೆ ಗೊತ್ತಿತ್ತು.

ಮೈಸೂರಿನ ಅಗ್ರಹಾರದ ಆ ಮನೆಯಲ್ಲಿ ನಲವತ್ತು ವರ್ಷ ಒಂದೇ ಕ್ರಮ ನಡೆದುಬಂದಿತ್ತು. ತುಂಗಕ್ಕ ಕಾವ್ಯ ಓದುವವಳು, ಶೇಷಗಿರಿ ಅರ್ಥ ಹೇಳುವವನು. ಶನಿವಾರ ಸಂಜೆ ಎದುರಿನ ರಾಮಮಂದಿರದಲ್ಲಿ ಹತ್ತಾರು ಜನರ ಮುಂದೆ. ಉಳಿದ ದಿನ ಬೆಳಗ್ಗೆ ಮನೆಯಲ್ಲಿ, ದೇವರಿಗೆ ಮತ್ತು ತಮ್ಮಿಬ್ಬರಿಗೆ. ಅವಳ ಕಣ್ಣು ಪುಸ್ತಕದ ಮೇಲೆ. ಅವನು ಅವಳ ಎಡಕ್ಕೆ. ಯಾವುದಾದರೂ ಪದ್ಯಕ್ಕೆ ಅರ್ಥ ಹೇಳಬೇಕೆನಿಸಿದರೆ ಅವನು ಬಾಯಿ ತೆರೆಯುತ್ತಿರಲಿಲ್ಲ. ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತುತ್ತಿದ್ದ, ಅಷ್ಟೆ. ಅವಳು ಪುಸ್ತಕದಿಂದ ಕಣ್ಣು ಕೀಳದೆ ಕಡೆಗಣ್ಣಿನಲ್ಲೇ ಅದನ್ನು ಹಿಡಿದು, ಪದ್ಯವನ್ನು ಮುಗಿಸಿ ನಿಲ್ಲುತ್ತಿದ್ದಳು. ಓದುವವರ ನಡುವೆ ಮಾತು ಹಾಕಬಾರದು ಎಂಬುದು ಶೇಷಗಿರಿಯ ಗುರುಗಳು ಹಾಕಿಕೊಟ್ಟ ಶಿಸ್ತು. ಜ್ವರ ಬಂದಾಗಲೂ ಅವನು ಅದನ್ನು ಮುರಿದವನಲ್ಲ.

ಹದಿಮೂರು ದಿನದ ಹಿಂದಿನ ಬೆಳಗ್ಗೆಯೂ ಅವರಿಬ್ಬರೇ ಕೂತಿದ್ದರು. ಇಪ್ಪತ್ತಮೂರನೆಯ ಪದ್ಯ ಮುಗಿದಾಗ ಶೇಷಗಿರಿ “ಆಹಾ” ಎಂದದ್ದು ತುಂಗಕ್ಕನಿಗೆ ಚೆನ್ನಾಗಿ ನೆನಪಿದೆ. ಆಮೇಲೆ ಅವನ ಸದ್ದಿಲ್ಲ. ಇವತ್ತೂ ನಡುವೆ ಅರ್ಥ ಹೇಳುವ ಮನಸ್ಸಿಲ್ಲವೇನೋ ಎಂದುಕೊಂಡು ಅವಳು ಓದುತ್ತಲೇ ಹೋದಳು. ಮೂವತ್ತನಾಲ್ಕಕ್ಕೆ ನೀರು ಕುಡಿಯಲು ನಿಂತು, “ಏನ್ರೀ, ಇವತ್ತು ಮೌನವ್ರತವಾ?” ಎಂದು ತಿರುಗಿದಳು. ಅವನು ಗೋಡೆಗೆ ಒರಗಿದ್ದ. ಬಲಗೈ ಚಾಪೆಯಾಚೆ ಚಾಚಿತ್ತು. ಅಂಗೈ ಮೇಲ್ಮುಖವಾಗಿ, ಅವಳ ಸೆರಗಿಗೆ ಒಂದು ಗೇಣು ಈಚೆ. ನೀವು ತಿರುಗಿ ನೋಡುವ ಹೊತ್ತಿಗೆ ಹೃದಯ ನಿಂತು ಕಾಲು ಗಂಟೆಯಾಗಿತ್ತು ಎಂದರು ಡಾಕ್ಟರು. ಕಾಲು ಗಂಟೆ ಎಂದರೆ ಹನ್ನೊಂದು ಪದ್ಯ.

“ಅಕ್ಕ, ಕಾಫಿ ಕುಡಿ” ಎಂದು ನರಹರಿ ಲೋಟವನ್ನು ಅವಳ ಎಡಮೊಣಕಾಲಿನ ಪಕ್ಕ ಇಟ್ಟು, ಎದುರಿಗೆ ಕೂತ.

“ಎಲ್ಲೋ ಕಾಫಿ?”

“ಅಲ್ಲೇ ಇಟ್ನಲ್ಲ.”

“ತಮಾಷೆ ಮಾಡ್ಬೇಡ ಕಣೋ, ಇವತ್ತು ಬೇಡ” ಎಂದು ತುಂಗಕ್ಕ ಏಳಲು ಕಾಲು ಸರಿಸಿದಳು. ಲೋಟ ಉರುಳಿ ಕಾಫಿ ಖಾಲಿ ಚಾಪೆಯ ಮೇಲೆ ಹರಿಯಿತು. ಸದ್ದು ಬಂದ ಕಡೆಗೆ ಅವಳು ತಲೆಯನ್ನು ಪೂರ್ತಿ ತಿರುಗಿಸಿ, ಕತ್ತು ಬಗ್ಗಿಸಿ, ಕೀಲಿಕಂಡಿಯಲ್ಲಿ ಇಣುಕುವವರ ಹಾಗೆ ಹುಡುಕಿದಳು. ನರಹರಿ ಎದ್ದು ಬಟ್ಟೆ ತರಬೇಕಿತ್ತು. ಅವನು ಕೂತಲ್ಲೇ ಕೂತ. ಅವನ ಬೆನ್ನಹುರಿಯಲ್ಲಿ ಹತ್ತಿದ ಚಳಿ ಸಾವಿನ ಮನೆಯದಲ್ಲ, ಅವನ ಕೆಲಸದ್ದು. ಏಕೆಂದರೆ ಇಂಥ ಕಣ್ಣುಗಳನ್ನು ವರ್ಷಗಳ ಮೊದಲೇ ಪತ್ತೆಹಚ್ಚಲೆಂದು ‘ಅಂಚುದೀಪ’ ಮಾಡಿದವನು ಅವನೇ.

ಆ ವರ್ಷಗಳಲ್ಲಿ ಅಂಚುದೀಪವಿಲ್ಲದ ಮನೆ ಕಡಿಮೆ. ಹಿಟ್ಟು ಕಲಸುವ ಬೋಗುಣಿಯನ್ನು ಮಗುಚಿ ಗೋಡೆಗೆ ಅಂಟಿಸಿದಂಥ ಬಿಳಿಯ ಗೂಡು. ಗದ್ದವನ್ನು ಅದರ ಮುಂದಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಹಳದಿ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತಮುತ್ತ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿನುಗಿ ಆರುತ್ತದೆ. ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಗ್ಲಕೋಮ ಎಂಬ ರೋಗ ನೋವು ಕೊಡುವುದಿಲ್ಲ, ಹೇಳಿ ಬರುವುದಿಲ್ಲ. ನೋಟವನ್ನು ಅಂಚಿನಿಂದ ತಿನ್ನುತ್ತಾ ಬರುತ್ತದೆ. ತಿಂದ ಜಾಗ ಕಪ್ಪಾಗಿಯೂ ಕಾಣುವುದಿಲ್ಲ. ಮಿದುಳು ಅಲ್ಲಿ ಗೋಡೆಯನ್ನೋ ಬಯಲನ್ನೋ ತಾನೇ ಎಳೆದು ತುಂಬಿಬಿಡುತ್ತದೆ. ಆದ್ದರಿಂದ ದಿನವೂ ನಾಲ್ಕು ನಿಮಿಷ ಈ ಪರೀಕ್ಷೆ. ನೂರಕ್ಕೆ ಎಂಬತ್ತಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ತಾನೇ ಸುದ್ದಿ ಕಳಿಸುತ್ತದೆ. ಇಳಿಯದಿದ್ದರೆ ಡಾಕ್ಟರು ಕಣ್ಣು ಬಿಡಿಸಿ ನೋಡುವ ರೂಢಿಯೇ ಹೋಗಿತ್ತು.

ಹಿಂದಿನ ಕಾಲದ ಆಸ್ಪತ್ರೆಯ ಯಂತ್ರಗಳು ಒಂದೇ ಸಮನೆ ದೀಪ ಹಚ್ಚಿ ವಯಸ್ಸಾದವರನ್ನು ಕಂಗೆಡಿಸುತ್ತಿದ್ದವು. ನರಹರಿ ತಂದ ಸುಧಾರಣೆ ಇದು: ಅಂಚುದೀಪ ಒತ್ತುವವರ ಬೆರಳಿನ ನಡೆಯನ್ನು ಕಲಿಯುತ್ತಿತ್ತು. ನಿಧಾನದವರಿಗೆ ನಿಧಾನ, ಚುರುಕಿನವರಿಗೆ ಚುರುಕು. ಸುಮ್ಮಸುಮ್ಮನೆ ಒತ್ತುವವರನ್ನು ಹಿಡಿಯಲು ನಡುನಡುವೆ ದೀಪ ಹಚ್ಚದೆ ಬರಿಯ ‘ಟಿಕ್’ ಎನ್ನುತ್ತಿತ್ತು. ಆ ಹುಸಿ ಟಿಕ್ಕುಗಳನ್ನೂ, ಜನ ದಣಿಯದಿರಲೆಂದು, ಅವರ ಕೈ ತಾನಾಗಿ ವಿಶ್ರಮಿಸುವ ಹೊತ್ತಿಗೇ ಇಡುವಂತೆ ಅವನು ಮಾಡಿದ್ದ. ಅದಕ್ಕಾಗಿ ಶಾಲು ಹೊದಿಸಿ ಸನ್ಮಾನ ಮಾಡಿದ್ದರು.

ಚಾಪೆ ಒರೆಸಿ, ಅವನು ದೇವರ ಕೋಣೆಯ ಪಕ್ಕದಲ್ಲಿದ್ದ ಅಂಚುದೀಪದ ಮುಂದೆ ಹೋಗಿ ನಿಂತ. ತುಂಗಕ್ಕನ ಐದು ವರ್ಷದ ಲೆಕ್ಕ ತೆರೆದುಕೊಂಡಿತು. ತೊಂಬತ್ತೆಂಟು. ತೊಂಬತ್ತೆಂಟು. ತೊಂಬತ್ತೇಳು, ಅವತ್ತು ಕೆಮ್ಮಿತ್ತಂತೆ. ಮತ್ತೆ ತೊಂಬತ್ತೆಂಟು. ನಂಬಿಕೆಯ ಮಟ್ಟ: ಉತ್ತಮ.

ಆಗ ಅವನಿಗೆ ಭಾವನ ಮಾತು ನೆನಪಾಯಿತು. ಎರಡು ವರ್ಷದ ಹಿಂದೆ ತಾನು ಈ ಮನೆಗೆ ಯುಗಾದಿಯ ಊಟಕ್ಕೆ ಬಂದಾಗ ಶೇಷಗಿರಿ ಒಬ್ಬಟ್ಟಿಗೆ ತುಪ್ಪ ಸುರಿದುಕೊಳ್ಳುತ್ತಾ, “ನಿಮ್ಮಕ್ಕ ಈಚೆಗೆ ನನ್ನ ಕೈಗೆ ಬೆಲೆ ಕೊಡ್ತಿಲ್ಲಪ್ಪಾ. ಎತ್ತಿ ಎತ್ತಿ ತೋಳು ನೋವು ಬಂತು. ಮಹಾರಾಣಿ ನಿಲ್ಲೋದೇ ಇಲ್ಲ” ಎಂದಿದ್ದ.

“ನೀವು ಎತ್ತಿದ್ರೆ ತಾನೇ ನಾನು ನಿಲ್ಲೋದು?” ಎಂದು ತುಂಗಕ್ಕ ಅಡುಗೆಮನೆಯಿಂದಲೇ ಕೂಗಿದ್ದಳು.

“ಕೇಳಿದ್ಯಾ? ಇವಳ ಕಣ್ಣೊಂದ್ಸಲ ನೋಡಿಸೋ ನರಹರಿ.”

ನರಹರಿ ಅವತ್ತು ನಕ್ಕುಬಿಟ್ಟಿದ್ದ. “ಅಕ್ಕನ ಕಣ್ಣಿಗೆ ತೊಂಬತ್ತೆಂಟು ಬರ್ತಿದೆ ಭಾವ. ತೊಂದರೆ ಕಣ್ಣಿನದಲ್ಲ, ನಿಮ್ಮ ವ್ಯಾಖ್ಯಾನದ್ದು.” ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವನು ಶೇಷಗಿರಿಯೇ. ಆಮೇಲೆ ಅವನು, ಕೈ ಎತ್ತಿದಾಗ ಅವಳು ನಿಲ್ಲದಿದ್ದರೆ ಮೆಲ್ಲಗೆ ಇಳಿಸಿಕೊಂಡು, ಓದೆಲ್ಲ ಮುಗಿದ ಮೇಲೆ ನಾಲ್ಕು ಮಾತು ಹೇಳಿ ಸುಮ್ಮನಾಗುತ್ತಿದ್ದ. ವಯಸ್ಸಾಯಿತು ಎಂದುಕೊಂಡರು ಜನ.

ಮಾರನೆಯ ದಿನವೇ ನರಹರಿ ಅಕ್ಕನನ್ನು ತನ್ನ ಸಂಸ್ಥೆಯ ಕಣ್ಣಿನ ಡಾಕ್ಟರ್ ಜುಬೇದಾ ಬಳಿ ಕರೆದುಕೊಂಡು ಹೋದ. ಜುಬೇದಾ ತೊಟ್ಟು ಔಷಧ ಹಾಕಿ, ಪಾಪೆ ಹಿಗ್ಗಿಸಿ, ಕಣ್ಣಿನ ಹಿಂಬದಿಯ ನರವನ್ನು ತಾನೇ ನೋಡಿದಳು. “ಅಮ್ಮಾ, ರೆಪ್ಪೆ ಅಷ್ಟು ಬಿಗಿ ಹಿಡೀಬೇಡಿ. ನಾನೇನು ನಿಮ್ಮತ್ತೆಯಾ?” ಎಂದು ನಗಿಸಿದಳು. ಆಮೇಲೆ ನರಹರಿಯನ್ನು ಹೊರಗೆ ಕರೆದಳು.

“ನಡುವೆ ಒಂದು ಬಟಾಣಿಯಷ್ಟು ಉಳಿದಿದೆ ಸರ್. ಅದರಲ್ಲೇ ಓದ್ತಿದ್ದಾರೆ. ಸುತ್ತ ಏನೂ ಇಲ್ಲ.”

“ಯಾವಾಗಿಂದ?”

“ಇದು ಒಂದೆರಡು ತಿಂಗಳದ್ದಲ್ಲ. ಎಡಗಡೆ ಹೋಗಿ ಮೂರು ವರ್ಷನಾದ್ರೂ ಆಗಿರಬೇಕು. ಆಗ ಬಂದಿದ್ರೆ ದಿನಾ ಒಂದು ತೊಟ್ಟು ಔಷಧದಲ್ಲಿ ನಿಲ್ಲಿಸಬಹುದಿತ್ತು.” ಅವಳು ಅವನ ಮುಖ ನೋಡಲಿಲ್ಲ. “ನಿಮ್ಮ ದೀಪ ಏನು ಹೇಳ್ತಿತ್ತು?”

ನರಹರಿ ಪ್ರಯೋಗಶಾಲೆಗೆ ನಡೆದ. ಅಕ್ಕನ ಬೆರಳು ಐದು ವರ್ಷ ಒತ್ತಿದ ಒತ್ತುಗಳನ್ನೆಲ್ಲ ಪರದೆಯ ಮೇಲೆ ಚುಕ್ಕೆಗಳಾಗಿ ಹರವಿಕೊಂಡ. ಅಂಕಿಗಳಲ್ಲಿ ಏನೂ ತಪ್ಪಿರಲಿಲ್ಲ. ಚುಕ್ಕೆಗಳ ನಡುವಿನ ಅಂತರ ಒಂದು ಗಿಡ್ಡ, ಒಂದು ಉದ್ದ, ಮತ್ತೆ ಗಿಡ್ಡ, ಮತ್ತೆ ಉದ್ದ. ಹದಿನಾಲ್ಕು ಒತ್ತು ಆದ ಮೇಲೆ ಒಂದು ಮೌನ. ಮತ್ತೆ ಹದಿನಾಲ್ಕು, ಮತ್ತೆ ಮೌನ. ಯಂತ್ರದ ಹುಸಿ ಟಿಕ್ಕುಗಳೆಲ್ಲ ಹೋಗಿ ಬಿದ್ದಿದ್ದು ಆ ಮೌನದೊಳಗೇ.

ಅವನ ಬೆರಳು ತಾನಾಗಿ ಮೇಜಿನ ಮೇಲೆ ಬಡಿಯತೊಡಗಿತು. ಮೂರು ಮಾತ್ರೆ, ನಾಲ್ಕು ಮಾತ್ರೆ. ಮೂರು, ನಾಲ್ಕು. ಎರಡು ಗಿಡ್ಡ ಸಾಲು, ಒಂದು ಉದ್ದ ಸಾಲು, ಕೂಡಿ ಹದಿನಾಲ್ಕು ಗಣ, ಉದ್ದ ಸಾಲಿನ ಕೊನೆಯಲ್ಲಿ ಉಸಿರು. ಅವನಿಗೆ ಇದು ಗೊತ್ತಿತ್ತು. ತಾಯಿ ಸತ್ತ ಮೇಲೆ ಅವನನ್ನು ಸಾಕಿದ ತುಂಗಕ್ಕ ಅವನ ಬೆನ್ನು ತಟ್ಟಿ ಮಲಗಿಸುತ್ತಿದ್ದುದೂ ಇದೇ ಭಾಮಿನಿ ಷಟ್ಪದಿಯ ತಾಳದಲ್ಲಿ. ಅವನ ಬೆನ್ನಿಗೆ ಆ ಲೆಕ್ಕ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು.

ಅವಳು ಬೆಳಕು ನೋಡಿ ಒತ್ತುತ್ತಿರಲಿಲ್ಲ. ಮನಸ್ಸಿನಲ್ಲಿ ಪದ್ಯ ಹೇಳಿಕೊಳ್ಳುತ್ತಿದ್ದಳು, ಬೆರಳು ತಾಳ ಹಾಕುತ್ತಿತ್ತು. ಅಂಚುದೀಪ ಆ ತಾಳವನ್ನು ಅವಳ ನಡೆಯೆಂದು ಕಲಿತು, ಅದಕ್ಕೆ ಸರಿಯಾಗಿ ದೀಪ ಹಚ್ಚಿ, ಕಂಡಿತು ಕಂಡಿತು ಎಂದು ಬರೆದುಕೊಳ್ಳುತ್ತಾ ಹೋಗಿತ್ತು. ಐದು ವರ್ಷ ಅವರಿಬ್ಬರೂ ಕೂಡಿ ಕಾವ್ಯ ಓದಿದ್ದರು.

ಪದ್ಯ ಹೇಳಿಕೋ ಎಂದವರು ಯಾರು? ನರಹರಿ ಕಣ್ಣು ಮುಚ್ಚಿದ. ಯಂತ್ರ ತಂದಿಟ್ಟ ದಿನ ತುಂಗಕ್ಕ ಗೂಡಿನೊಳಗೆ ತಲೆಯಿಟ್ಟು, “ಇದೇನೋ, ನೆಗಡಿಗೆ ಆವಿ ತಗೊಂಡ ಹಾಗಿದೆ. ಕಣ್ಣು ಒಂದು ಕಡೆ ನಿಲ್ಲಲ್ಲ ಕಣೋ” ಎಂದಿದ್ದಳು. “ಮನಸ್ಸಿನಲ್ಲೇ ಒಂದು ಪದ್ಯ ಹೇಳಿಕೋ ಅಕ್ಕ, ತಾನೇ ನಿಲ್ಲತ್ತೆ” ಎಂದಿದ್ದ ಅವನು. ನಿಂತಿತ್ತು. ಆ ಉಪಾಯ ಅವನಿಗೆ ಎಷ್ಟು ಹಿಡಿಸಿತೆಂದರೆ, ಎಲ್ಲರ ಯಂತ್ರವೂ ಶುರುವಿನಲ್ಲಿ ಆಡುವ ಮಾತಿಗೇ ಅದನ್ನು ಸೇರಿಸಿದ್ದ: ‘ಮನಸ್ಸು ಚಂಚಲವಾದರೆ ನಿಮಗೆ ಇಷ್ಟವಾದ ಪದ್ಯವನ್ನೋ ಪ್ರಾರ್ಥನೆಯನ್ನೋ ಹೇಳಿಕೊಳ್ಳಿ.’

ಜುಬೇದಾ ಒಳಗೆ ಬಂದು ಅವನ ಹಿಂದೆ ನಿಂತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿ, ಕುರ್ಚಿ ಹಿಡಿದುಕೊಂಡಳು.

“ಸರ್, ನಮ್ಮಮ್ಮಿ ತಸ್‌ಬೀ ಜಪದ ಮಣಿ ಎಣಿಸಿಕೊಂಡೇ ಒತ್ತೋದು. ‘ಮೆಷೀನೇ ಹೇಳ್ತಲ್ಲೇ ಬೇಟಿ’ ಅಂತಾರೆ. ಅವರದ್ದು ತೆಗೀರಿ.”

ತೆಗೆದರು. ಮಾಲೆಯ ಒಂದು ಸುತ್ತಿಗೆ ಮೂವತ್ತಮೂರು ಮಣಿ. ಮೂವತ್ತಮೂರು ಒತ್ತು, ಒಂದು ಮೌನ. ಮೂವತ್ತಮೂರು ಒತ್ತು, ಒಂದು ಮೌನ. ಅಂಕ ತೊಂಬತ್ತೊಂಬತ್ತು.

ಜುಬೇದಾ ಚೀಲ ತೆಗೆದುಕೊಂಡು ಮನೆಗೆ ಓಡಿದಳು. ನರಹರಿ ಉಳಿದು, ಇಂಥ ತಾಳವಿರುವ ಮನೆಗಳನ್ನೆಲ್ಲ ಹುಡುಕಿಸಿದ. ಸಂಜೆಯ ಹೊತ್ತಿಗೆ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಸಿಕ್ಕವು. ಭಜನೆಯ ಮನೆ, ತತ್ವಪದದ ಮನೆ, ಜಪಮಾಲೆಯ ಮನೆ. ಅವನ ಮಾತನ್ನು ನಂಬಿ ಕೇಳಿದವರ ಮನೆಗಳು.

ಸಂಸ್ಥೆಯ ನಿರ್ದೇಶಕ ಚಂಗಪ್ಪ ಕೆಟ್ಟ ಮನುಷ್ಯನಲ್ಲ. ಆದರೆ ಚುಕ್ಕೆಗಳ ಹಾಳೆ ನೋಡಿ ತಲೆಯಾಡಿಸಿದರು. “ನರಹರಿ, ನಿಮ್ಮ ಮನೇಲಿ ಸಾವಾಗಿದೆ. ನಿಮಗೀಗ ಎಲ್ಲೆಲ್ಲೂ ಪದ್ಯ ಕಾಣತ್ತೆ. ಊರಿನ ದೀಪವನ್ನೆಲ್ಲ ಆರಿಸಿ ಅಂದ್ರೆ ಕಣ್ಣಾರೆ ನೋಡದೆ ಹ್ಯಾಗೆ ಆರಿಸಲಿ? ತೋರಿಸಿ.”

ತೋರಿಸುವುದಕ್ಕೆ ಇದ್ದದ್ದು ಒಂದೇ ದಾರಿ. ಅವನು ಎರಡು ದಿನ ಅದನ್ನು ಬಾಯಿಂದ ಹೊರಡಿಸಲಾರದೆ ಅಗ್ರಹಾರದ ಮನೆಗೆ ಹೋಗಿ ಬಂದ. ಮೂರನೆಯ ದಿನ ತುಂಗಕ್ಕ ತಾನೇ ಕೇಳಿದಳು.

“ಏನೋ ಹೇಳಕ್ಕೆ ಬಂದು ಬಂದು ಸಾರು ಅನ್ನ ಉಂಡು ಹೋಗ್ತಿದೀಯಲ್ಲ, ಏನದು?”

“ಅಕ್ಕ, ಒಂದ್ಸಲ ನಮ್ಮ ಪ್ರಯೋಗಶಾಲೆಗೆ ಬಂದು ಕೂತ್ಕೋಬೇಕು.”

“ಆ ಡಾಕ್ಟ್ರು ಹುಡುಗಿ ಪಕ್ಕದ ನೋಟ ಹೋಗಿದೆ ಅಂದ್ಳು. ನಂಗೇನೋ ನಂಬಿಕೆ ಇಲ್ಲಪ್ಪ. ದಿನಾ ದೀಪ ಕಾಣ್ತಿದೆ. ಕಂಡ್ಮೇಲೇ ಒತ್ತೋದು ನಾನು.”

“ಅದನ್ನೇ ನೋಡೋಣ ಅಂತ.”

“ಸರಿ. ನನ್ನಿಂದ ಏನಾಗ್ಬೇಕು ಹೇಳು.”

“ಮನೇಲಿ ಮಾಡೋ ಹಾಗೇ ಮಾಡು. ಮನಸ್ಸಿನಲ್ಲಿ ಹೇಳ್ಕೊಳ್ಳೋ ಪದ್ಯಾನ ಬಾಯಿಬಿಟ್ಟು ಹೇಳು. ಅಷ್ಟೇ.”

ಗಂಡ ಹೋದಮೇಲೆ ಅವಳು ಬಾಯಿಬಿಟ್ಟು ಒಂದು ಸಾಲೂ ಓದಿರಲಿಲ್ಲ. “ನಿನ್ನ ಕೆಲಸಕ್ಕೆ ಅಂದ್ರೆ ಹೇಳ್ತೀನಿ” ಎಂದಳು.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ತುಂಗಕ್ಕ ಗೂಡಿನ ಮುಂದೆ ಕೂತಳು. ನರಹರಿ ಪರದೆಯ ಹಿಂದೆ ನಿಂತು, ನಡುವಿನ ಹಳದಿ ಚುಕ್ಕೆಯೊಂದನ್ನು ಬಿಟ್ಟು, ಸುತ್ತಣ ದೀಪಗಳಿಗೆ ಹೋಗುವ ತಂತಿಯನ್ನು ಕಳಚಿ ಚಂಗಪ್ಪನವರ ಕೈಗೆ ಕೊಟ್ಟ. ಯಂತ್ರಕ್ಕೆ ಅದು ತಿಳಿಯದು. ಅದು ಹಚ್ಚಿದೆನೆಂದೇ ತಿಳಿದು ಬರೆದುಕೊಳ್ಳುತ್ತದೆ. ಅಕ್ಕನಿಗೂ ಅವನು ಹೇಳಲಿಲ್ಲ. ಹೇಳಿದರೆ ಪರೀಕ್ಷೆಯಾಗುವುದಿಲ್ಲ.

ಅವಳು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡು ಮೋಹನ ರಾಗದಲ್ಲಿ ಎತ್ತಿದಳು. ಮೊದಲ ಸಾಲಿಗೇ ಕೋಣೆ ಬದಲಾಯಿತು. ಎಪ್ಪತ್ತರ ದನಿ ಅದು, ಮೇಲಕ್ಕೆ ಹೋಗುವಾಗ ಸ್ವಲ್ಪ ಒಡೆಯುತ್ತಿತ್ತು, ಒಡೆದ ಕಡೆಯಿಂದಲೇ ಇನ್ನಷ್ಟು ಬೆಳಕು ಬರುವಂತಿತ್ತು. ಪಕ್ಕದ ಕೋಣೆಯವರು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಯಾರೂ ಬಿಡಿ ಎಂದು ಹೇಳಿರಲಿಲ್ಲ. ಅವಳ ಹೆಬ್ಬೆರಳು ಗುಂಡಿಯ ಮೇಲೆ ಆಡುತ್ತಿತ್ತು. ಕತ್ತಲ ಗೂಡಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು. ಸಾಲಿನ ಕೊನೆಯಲ್ಲಿ ಉಸಿರು. ಆ ಉಸಿರಿನೊಳಗೆ ಯಂತ್ರ ಟಿಕ್ ಎಂದಿತು. ಬೆರಳು ಸುಮ್ಮನಿತ್ತು. ನಾಲ್ಕು ನಿಮಿಷ ಕಳೆಯಿತು.

ಪರದೆ ಬೆಳಗಿತು. ತೊಂಬತ್ತೆಂಟು. ನಂಬಿಕೆಯ ಮಟ್ಟ: ಉತ್ತಮ.

ಚಂಗಪ್ಪನವರ ಕೈಯಲ್ಲಿ ತಂತಿ ನೇತಾಡುತ್ತಿತ್ತು. ಅವರು ಅದನ್ನು ನೋಡಿದರು, ಪರದೆ ನೋಡಿದರು, ಹೊರಗೆ ಹೋಗಿ ಫೋನ್ ಹಚ್ಚಿದರು. ಇವತ್ತೇ, ಎಲ್ಲ ಊರಿನ ಅಂಚುದೀಪವನ್ನೂ ನಿಲ್ಲಿಸಿ, ಆ ನಾಲ್ಕು ಸಾವಿರ ಮನೆಗೂ ಡಾಕ್ಟರನ್ನು ಕಳಿಸಿ ಎಂದು ಅವರು ಹೇಳುವುದು ಗೋಡೆಯಾಚೆಯಿಂದ ಕೇಳಿಸಿತು. ಜುಬೇದಾ ಅಳುತ್ತಿದ್ದಳು. ಅವಳ ತಾಯಿಗೆ ಇನ್ನೂ ಅರ್ಧ ನೋಟ ಉಳಿದಿತ್ತು, ಔಷಧ ಶುರುವಾಗಿತ್ತು.

ತುಂಗಕ್ಕ ಗೂಡಿನಿಂದ ತಲೆ ಹೊರತೆಗೆದು ಕುಂಕುಮವಿಲ್ಲದ ಹಣೆಯ ಬೆವರನ್ನು ಸೆರಗಿನಲ್ಲಿ ಒರೆಸಿಕೊಂಡಳು.

“ಎಷ್ಟು ಬಂತೋ?”

“ತೊಂಬತ್ತೆಂಟು.”

“ನೋಡಿದ್ಯಾ! ಎಲ್ಲಾ ಕಂಡವು ಕಣೋ. ಎಡಗಡೆ ಅಂತೂ ಸಾಲಾಗಿ ಕಂಡವು. ಎಷ್ಟು ಹಚ್ಚಿದ್ದೆ?”

ನರಹರಿ ಅವಳ ಮುಂದೆ, ನೆಲದ ಮೇಲೆ, ಅವಳ ಬಟಾಣಿಯಷ್ಟು ನೋಟದೊಳಗೆ ಬರುವ ಹಾಗೆ ಕೂತ. “ಒಂದೂ ಇಲ್ಲ ಅಕ್ಕ.”

ಅವಳು ನಕ್ಕಳು. ಆಮೇಲೆ ಅವನ ಮುಖ ನೋಡಿ ನಗುವನ್ನು ಮೆಲ್ಲಗೆ ಮಡಿಸಿ ಒಳಗಿಟ್ಟುಕೊಂಡಳು.

ಇಬ್ಬರೂ ಮನೆಗೆ ಬರುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ನಡುಮನೆಯ ಅರ್ಧಕ್ಕೆ ಬಂದಿತ್ತು. ತುಂಗಕ್ಕ ಗೋಡೆ ಸವರಿಕೊಂಡು ಬಂದು ವ್ಯಾಸಪೀಠದ ಮುಂದೆ ತನ್ನ ಜಾಗದಲ್ಲಿ ಕೂತಳು. ಕಾಫಿಯ ಕಲೆ ಬಿದ್ದ ಚಾಪೆ ಎಡಗಡೆಗೆ ಹಾಗೇ ಇತ್ತು. ನರಹರಿ ನಿಂತೇ ಇದ್ದ.

“ಬೈದುಬಿಡು ಅಕ್ಕ. ಭಾವ ಹೇಳಿದ್ರು, ಕಣ್ಣು ನೋಡಿಸು ಅಂತ. ನಾನು ನಕ್ಕೆ.”

“ಯಾಕೆ ಬೈಯಲಿ? ಪದ್ಯ ಹೇಳ್ಕೋ ಅಂದೆ, ಹೇಳ್ಕೊಂಡೆ. ಅದೊಂದು ತಪ್ಪಾ?” ಅವಳ ದನಿಯಲ್ಲಿ ಕೋಪ ಹುಡುಕಿದರೂ ಇರಲಿಲ್ಲ, ಅದು ಅವನಿಗೆ ಇನ್ನೂ ಕಷ್ಟವಾಯಿತು. “ಎರಡು ವರ್ಷ ಅವರು ಕೈ ಎತ್ತಿ ಎತ್ತಿ ಇಳಿಸ್ಕೊಂಡ್ರಲ್ಲೋ. ನಾನು, ಇವರಿಗೆ ಹೇಳೋ ಹುಮ್ಮಸ್ಸು ಹೋಯ್ತು ಅಂದ್ಕೊಂಡೆ. ಅವರು, ಇವಳಿಗೆ ಕೇಳೋ ಮನಸ್ಸು ಹೋಯ್ತು ಅಂದ್ಕೊಂಡಿರ್ತಾರೆ. ಒಂದೇ ಚಾಪೇಲಿ ಕೂತು.”

ಹೊರಗೆ ರಾಮಮಂದಿರದ ಗಂಟೆ ಯಾರೋ ಹೊಡೆದು ಹೋದರು. ಅರ್ಚಕರು ಬೆಳಗ್ಗೆಯೇ ನರಹರಿಯನ್ನು ತಡೆದು ಹೇಳಿದ್ದರು: ಓದಲು ಹಿಡಿದ ಸಂಧಿಯನ್ನು ನಡುವೆ ಬಿಡಬಾರದು, ಶನಿವಾರದೊಳಗೆ ಮುಗಿಸಿ ಮಂಗಳ ಹಾಡಿದರೆ ಹೋದವರಿಗೂ ನೆಮ್ಮದಿ. ಒಂಬತ್ತು ಪದ್ಯ ಉಳಿದಿದ್ದವು. ಅರ್ಚಕರು ಹೇಳದಿದ್ದರೂ ನರಹರಿ ಕೇಳುತ್ತಿದ್ದ. ಪ್ರಯೋಗಶಾಲೆಯಲ್ಲಿ ಕೇಳಿದ ದನಿಯೇ ಆ ದನಿಯ ಕೊನೆಯಾಗಬಾರದು, ತಾನು ಮೋಸ ಮಾಡಿ ತೆಗೆಸಿದ್ದು ಕೊನೆಯಾಗಬಾರದು ಎಂಬುದೊಂದೇ ಅವನ ಎದೆಯಲ್ಲಿತ್ತು.

ಅವನು ಪುಸ್ತಕ ಬಿಚ್ಚಿ ಮೂವತ್ತನಾಲ್ಕರ ಹಾಳೆಗೆ ಬಂದ. ಸುತ್ತು ಹಾಕಿ ಅವಳ ಎಡಗಡೆಗೆ ಹೋಗಿ, ಚಾಪೆಯ ಮೇಲೆ ಕೂರಲು ಧೈರ್ಯ ಸಾಲದೆ, ಚಾಪೆಯ ಅಂಚಿಗೆ ನೆಲದ ಮೇಲೆ ಕೂತ.

“ಒಂಬತ್ತು ಉಳಿದಿದೆ ಅಕ್ಕ. ಓದು. ನಾನು ಇಲ್ಲಿ ಕೂತಿರ್ತೀನಿ.”

ಅವಳು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ಉಳಿದಷ್ಟು ನೋಟವನ್ನು ಚಾಪೆಯ ಮೇಲೆ, ಅಂಗೈ ತೆರೆದು ಬಿದ್ದಿದ್ದ ಆ ಜಾಗದ ಮೇಲೆ ಇಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಕೈಯಿಂದ ತಡಕಿ ಪುಸ್ತಕ ಮುಚ್ಚಿದಳು.

“ಅವರು ನಿಲ್ಲಿಸು ಅಂತ ಕೈ ಎತ್ತಿದಾರೆ” ಎಂದಳು. “ಓದಲ್ಲ.”